ಕೇಳು ಚುಕ್ಕಿ

ಹೋದ ವಾರ ನನ್ನ ಮೇಜಿನ ಮೇಲೆ ಒಂದು ಹಳೆಯ ಫೈಲು ಬಂದಿತ್ತು. ನಮ್ಮ ಲಾ ಫರ್ಮ್ ಬೇರೆ ಕಟ್ಟಡಕ್ಕೆ ಹೋಗುವುದರಲ್ಲಿದೆ. ಕಪಾಟುಗಳಲ್ಲಿದ್ದ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ, ಮೂಲ ಪ್ರತಿಗಳನ್ನು ಅವರವರಿಗೆ ಹಿಂತಿರುಗಿಸುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಹದಿಮೂರು ವರ್ಷದ ಹಿಂದೆ ಇಲ್ಲಿ ಟ್ರೇನಿಯಾಗಿ ಸೇರಲು ನಾನೇ ಹಾಕಿದ್ದ ಅರ್ಜಿ. ಎರಡು ಹಾಳೆ, ಅಂಕಪಟ್ಟಿಯ ನಕಲುಗಳು, ಎಡಮೂಲೆಗೆ ಒಂದು ಗುಂಡುಸೂಜಿ.

ಅಕ್ಷರಗಳಿಗಿಂತ ಮೊದಲು ನನಗೆ ಗುರುತು ಹತ್ತಿದ್ದು ಆ ಸೂಜಿಯದು. ತುಕ್ಕು ಹಿಡಿದಿತ್ತು, ಸುತ್ತಲಿನ ಕಾಗದ ಚಹಾ ಚೆಲ್ಲಿದಂತೆ ಕಂದಾಗಿತ್ತು. ಆದರೆ ಚುಚ್ಚಿದ ರೀತಿ ಹಾಗೆಯೇ ಇತ್ತು: ಓರೆಯಾಗಿ ಒಳಗೆ ಹೋಗಿ, ಹೊರಗೆ ಬಂದು, ಮೊನೆ ಮತ್ತೆ ಕಾಗದದ ಪದರದೊಳಗೇ ಅಡಗಿತ್ತು. ಹಾಗೆ ಸೂಜಿ ಚುಚ್ಚುವವರನ್ನು ನಾನು ಒಬ್ಬರನ್ನೇ ಕಂಡಿದ್ದೇನೆ. "ಓದಾವ್ರ ಬೆರಳಿಗೆ ನೆಡಬಾರದು" ಎನ್ನುತ್ತಿದ್ದರು ಅವರು.

ಮೊದಲ ಹಾಳೆಯನ್ನು ಅಲ್ಲಿಯೇ ಓದಿದೆ. ಎರಡನೆಯದನ್ನು ತಿರುವಲಿಲ್ಲ. ಅದರಲ್ಲಿ ಒಂದು ಸಾಲು ಇದೆಯೆಂದು ನನಗೆ ಗೊತ್ತಿತ್ತು. ಹದಿಮೂರು ವರ್ಷದಲ್ಲಿ ಆ ಸಾಲನ್ನು ನಾನು ಮತ್ತೆ ನೋಡಿರಲಿಲ್ಲ. ಫೈಲನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಬಂದೆ.

ಆ ಸೂಜಿ ಚುಚ್ಚಿದವರನ್ನು ನಾನು ಮಾವಶಿ ಎಂದು ಕರೆಯುತ್ತಿದ್ದೆ. ಓಣಿಯ ಮಂದಿಯೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ಅವರದು ಮರಾಠಿಯ ಮಾವಶಿ. ನಮ್ಮ ವಿಜಯಪುರದ ಕಡೆಯ ಮನೆಗಳಲ್ಲೂ ತಾಯಿಯ ತಂಗಿ ಮಾವಶಿಯೇ ಆದ್ದರಿಂದ ನನ್ನ ಬಾಯಲ್ಲಿ ಅದು ಕನ್ನಡದ ಮಾವಶಿಯಾಗಿತ್ತು. ಈ ಮರಾಠಿ ಊರಿನ ಹಳೆಯ ಭಾಗವಾದ ಸದಾಶಿವ ಪೇಠದ ಒಂದು ವಾಡೆಯಲ್ಲಿ, ಅಂದರೆ ಹಲವು ಬಿಡಾರಗಳ ಹಳೆಯ ಮನೆಯಲ್ಲಿ, ಮೇಲಿನ ಮಹಡಿಗೆ ಹೋಗುವ ಮೆಟ್ಟಿಲ ಕೆಳಗಿನ ಜಾಗದಲ್ಲಿ ಅವರ ಟೈಪಿಂಗ್ ಅಂಗಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಎರಡು ಸ್ಟೂಲು. ಮೂಲೆಯಲ್ಲಿ ಹಳೆಯ ಟೈಪ್‌ರೈಟರ್, ಅದರ ಮೇಲೆ ಹರಿದ ಇಳಕಲ್ ಸೀರೆಯ ತುಂಡು. ಯಾರಾದರೂ ಮೆಟ್ಟಿಲು ಹತ್ತಿದರೆ ನಮ್ಮ ತಲೆಯ ಮೇಲೆ ನಡೆದಂತೆ ಕೇಳುತ್ತಿತ್ತು. ಮಾವಶಿ ಹೆಜ್ಜೆಯ ಸದ್ದಿನಿಂದಲೇ ಯಾರೆಂದು ಹೇಳುತ್ತಿದ್ದರು. ಅದನ್ನು ಪರೀಕ್ಷಿಸಲೆಂದೇ ನಾನು ಎಷ್ಟೋ ಸಲ ಹೊರಗೆ ಬಗ್ಗಿ ನೋಡಿದ್ದೇನೆ. ಅವರು ತಪ್ಪಿದ್ದು ಒಂದೇ ಸಲ, ಅದೂ ಒಬ್ಬರು ಹೊಸ ಚಪ್ಪಲಿ ಹಾಕಿಕೊಂಡಿದ್ದ ದಿನ.

ನಾನು ಆಗ ಕಾನೂನು ಕಾಲೇಜಿನ ಕೊನೆಯ ವರ್ಷದಲ್ಲಿದ್ದೆ. ನಮ್ಮ ಮನೆಯಲ್ಲಾಗಲಿ ಬಳಗದಲ್ಲಾಗಲಿ ವಕೀಲರು ಯಾರೂ ಇರಲಿಲ್ಲ. ಅಪ್ಪ ಊರಾಚೆಯ ಚಾಕಣದಲ್ಲಿ ಒಂದು ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ, ಮಾಲು ಹೊರಗೆ ಕಳಿಸುವ ವಿಭಾಗದ ಗುಮಾಸ್ತರು. ನನಗೆ ಬೇಕಾಗಿದ್ದದ್ದು ಕಂಪನಿಗಳ ಕರಾರು, ಗುತ್ತಿಗೆ, ಒಪ್ಪಂದಗಳ ಕೆಲಸ ಮಾಡುವ ಫರ್ಮ್‌ನಲ್ಲಿ ತರಬೇತಿಯ ಜಾಗ. ಅಂಥ ಆರು ಫರ್ಮ್‌ಗಳಿಗೆ ಅರ್ಜಿ ಹಾಕಿದ್ದೆ. ಆರರಲ್ಲಿ ಒಂದರಿಂದಲೂ ಸಂದರ್ಶನಕ್ಕೆ ಕರೆ ಬಂದಿರಲಿಲ್ಲ. ದೀಪಾವಳಿಯೊಳಗೆ ಎಲ್ಲಿಯೂ ಆಗದಿದ್ದರೆ ಬ್ಯಾಂಕ್ ಪರೀಕ್ಷೆಗೆ ಕೂರಬೇಕೆಂದು ಅಪ್ಪ ಹೇಳಿದ್ದರು. ಅವರು ಸಿಟ್ಟಿನಿಂದ ಹೇಳಿರಲಿಲ್ಲ, ಅದಕ್ಕೇ ನನಗೆ ಎದುರಾಡಲು ಬಂದಿರಲಿಲ್ಲ. ಉಳಿದಿದ್ದದ್ದು ಏಳನೆಯ ಫರ್ಮ್ ಒಂದೇ. ಅವರಿಗೆ ಅರ್ಜಿ ಇ-ಮೇಲ್‌ನಲ್ಲಿ ನಡೆಯುತ್ತಿರಲಿಲ್ಲ. ಅಚ್ಚಾದ ಪ್ರತಿಗೆ ಸಹಿ ಮಾಡಿ ಲಕೋಟೆಯಲ್ಲಿ ಕಳಿಸಬೇಕಿತ್ತು. ಹಾಗಾಗಿ ನಾನು ಆ ಮೆಟ್ಟಿಲ ಕೆಳಗೆ ಹೋದೆ.

ಅಂಗಡಿಯ ಮುಂದೆ ನಿಂತು ಅಪ್ಪನ ಜೊತೆ ಫೋನಿನಲ್ಲಿ ಮಾತಾಡಿದ್ದು ಅವರ ಕಿವಿಗೆ ಬಿದ್ದಿರಬೇಕು.

"ಯಾವೂರವ್ರವ್ವಾ ನೀವು?" ಎಂದರು ಕನ್ನಡದಲ್ಲಿ, ತಲೆ ಎತ್ತದೆ.

ಹೇಳಿದೆ. ತಮ್ಮದು ಜಮಖಂಡಿ ಎಂದರು. ನನ್ನ ಅರ್ಜಿ ತೆಗೆದುಕೊಂಡು ಒಂದು ಕಾರ್ಡನ್ನು ಅದರ ಮೇಲಿಟ್ಟರು. ಅದು ಯಾರದೋ ಲಗ್ನಪತ್ರಿಕೆಯಿಂದ ಕತ್ತರಿಸಿದ ದಪ್ಪ ಕಾಗದ, ಮೂಲೆಗೆ ಹಚ್ಚಿದ ಅರಿಸಿನ ಹಾಗೇ ಇತ್ತು. ನಡುವೆ ಒಂದೇ ಒಂದು ಸಾಲು ಕಾಣುವಷ್ಟು ಉದ್ದನೆಯ ಕಿಂಡಿ ಕೊರೆದಿದ್ದರು. ಅದನ್ನು ಹಾಳೆಯ ಕೊನೆಯ ಸಾಲಿನ ಮೇಲಿಟ್ಟು, ಒಂದೊಂದೇ ಸಾಲು ಮೇಲಕ್ಕೆ ಸರಿಸುತ್ತ ಓದಿದರು. ಮೇಲಿನಿಂದ ಓದಿದರೆ ಮನಸ್ಸು ಮುಂದಿನ ಸಾಲನ್ನು ತಾನೇ ಊಹಿಸಿಕೊಂಡುಬಿಡುತ್ತದೆ, ಕಣ್ಣು ಕೆಲಸ ಮಾಡುವುದಿಲ್ಲ ಎಂದು ಆಮೇಲೆ ವಿವರಿಸಿದರು. ಈಗಲೂ ನಾನು ಹಾಗೇ ಓದುತ್ತೇನೆ.

ಕಾನೂನಿನ ಬಗ್ಗೆ ನಾನು 'ಪ್ಯಾಶನೇಟ್' ಎಂದು ಶುರುವಾಗುವ ಮೊದಲ ಸಾಲಿಗೆ ಕಾರ್ಡು ಬಂದಾಗ ನಕ್ಕರು.

"ಪ್ಯಾಶನೇಟ್. ಈ ವಾರ ಇದು ನಾಕನೇದು. ಕಾಲೇಜಿನಾಗ ಎಲ್ಲಾರಿಗೂ ಒಮ್ಮೆಲೆ ಜ್ವರ ಬಂದದ ಏನು?"

ನನಗೆ ಅವಮಾನವಾಗಿತ್ತು. ಆದರೆ ಕುತೂಹಲವೂ ಆಗಿತ್ತು, ಅದನ್ನೂ ಹೇಳಬೇಕು. ಇವರು ಓದಿದ್ದು ಮ್ಯಾಟ್ರಿಕ್‌ವರೆಗೆ. ಕಾನೂನು ಓದಿದವರಲ್ಲ. ನಮ್ಮ ಪ್ರಾಧ್ಯಾಪಕರು ಎರಡು ಸಲ ನೋಡಿ ಚೆನ್ನಾಗಿದೆ ಎಂದಿದ್ದ ಅರ್ಜಿಯಲ್ಲಿ ಇವರು ಐದು ನಿಮಿಷದಲ್ಲಿ ಒಂಬತ್ತು ಕಡೆ ಪೆನ್ಸಿಲಿನಿಂದ ಸುತ್ತು ಹಾಕಿದ್ದರು. ಒಂದು ಸುತ್ತು ಇನ್ನೂ ನೆನಪಿದೆ. ಆ ಫರ್ಮ್‌ನ ಮುಖ್ಯಸ್ಥರಲ್ಲಿ ಒಬ್ಬರು ಗಂಡಸು, ಇಬ್ಬರು ಹೆಂಗಸರು. ನಾನು 'ಡಿಯರ್ ಸರ್ಸ್' ಎಂದು ಬರೆದಿದ್ದೆ.

"ಆ ಇಬ್ಬರು ಹೆಣ್ಮಕ್ಕಳು ನಿನ್ನ ಅರ್ಜಿ ಯಾಕ ಓದ್ಬೇಕು? ಅವರಿಗೆ ಬರದೇ ಇಲ್ಲಲ್ಲ ನೀ."

ಉಳಿದ ಎಂಟು ಸುತ್ತೂ ಒಂದೇ ಶಬ್ದದ ಮೇಲಿದ್ದವು: ಇಂಗ್ಲಿಷಿನ 'ವಿ', ಅಂದರೆ ನಾವು. ಕಾಲೇಜಿನ ಅಣಕು ನ್ಯಾಯಾಲಯದಲ್ಲಿ, ಅಂದರೆ ಮೂಟ್ ಕೋರ್ಟಿನಲ್ಲಿ, ನಾವು ವಾದಿಸಿದೆವು, ನಾವು ಸಂಶೋಧನೆ ಮಾಡಿದೆವು, ನಾವು ಕರಡು ತಯಾರಿಸಿದೆವು.

"ಇಷ್ಟ ಮಂದ್ಯಾಗ ನೀ ಎಲ್ಲಿ ಅದೀಯವ್ವಾ? ನನಗಂತೂ ಕಾಣವಲ್ಲಿ."

ಅಲ್ಲಿಯವರೆಗೆ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ನಮ್ಮ ಮನೆಯ ಮಾತೇ ಹಾಗೆ. ಅಪ್ಪ ಒಬ್ಬರೇ ಕೆಲಸಕ್ಕೆ ಹೋಗಿಬಂದರೂ "ನಾವು ಚಾಕಣಕ್ಕ ಹೋಗಿದ್ವಿ" ಎನ್ನುತ್ತಾರೆ. ಅಮ್ಮ ಒಬ್ಬಳೇ ಅಡುಗೆ ಮಾಡಿ "ಇವತ್ತ ಝುಣಕ ಮಾಡೇವಿ" ಎನ್ನುತ್ತಾಳೆ. ನಾನು ಮಾಡಿದೆ ಎಂದರೆ ಅದರಲ್ಲಿ ಎಲ್ಲೋ ಜಂಬದ ವಾಸನೆ. ಆ ಸಂಕೋಚವನ್ನೇ ನಾನು ಇಂಗ್ಲಿಷಿಗೆ ಸಾಗಿಸಿ, ಆರು ಫರ್ಮ್‌ಗಳಿಗೆ ಕಳಿಸಿದ್ದೆ. ಓದಿದವರಿಗೆ ಅಲ್ಲಿ ಒಂದು ಗುಂಪು ಕಂಡಿರಬೇಕು, ಒಬ್ಬ ಹುಡುಗಿ ಕಂಡಿರಲಿಕ್ಕಿಲ್ಲ.

ಅರ್ಜಿಯನ್ನು ಆ ದಿನ ಅಚ್ಚು ಹಾಕಲು ಅವರು ಒಪ್ಪಲಿಲ್ಲ. ಕೊನೆಯ ದಿನಕ್ಕೆ ಇನ್ನೂ ಆರೇಳು ವಾರವಿದೆಯಲ್ಲ ಎಂದರು. ಸಂಜೆ ಹೊತ್ತು ಬಂದು ತಮಗೆ ಗಟ್ಟಿಯಾಗಿ ಓದಿಹೇಳಬೇಕು, ಪ್ರತಿಯಾಗಿ ತಾವು ಅರ್ಜಿಯನ್ನು ಸರಿಮಾಡಿಸುವುದಾಗಿ ಹೇಳಿದರು. ಅವರಿಗೆ ಓದುತ್ತಿದ್ದಾಕೆ ಮದುವೆಯಾಗಿ ಹೋಗಿದ್ದಳು.

ಹಾಗೆ ನಾನು 'ತಾಳೆ' ಕಲಿತೆ. ವಕೀಲರು ತಮ್ಮ ಕೈಬರಹದ ಅಥವಾ ತಿದ್ದಿದ ಕರಡು ಕೊಟ್ಟಿರುತ್ತಾರೆ. ಮಾವಶಿ ಅದನ್ನು ಟೈಪ್ ಮಾಡಿರುತ್ತಾರೆ. ನಾನು ಟೈಪಾದ ಪ್ರತಿಯನ್ನು ಅಲ್ಪವಿರಾಮ, ಪೂರ್ಣವಿರಾಮ ಸಮೇತ ಗಟ್ಟಿಯಾಗಿ ಓದಬೇಕು. ಅವರು ಮೂಲದ ಮೇಲೆ ಕಾರ್ಡು ಸರಿಸುತ್ತ ಕೇಳಬೇಕು. ಪ್ರತಿ ಮೂಲಕ್ಕಿಂತ ಬೇರೆಯಾಗಿದ್ದರೆ ಅದು ಅವರ ತಪ್ಪು, ಆಗ ಸುತ್ತು. ಆದರೆ ಇನ್ನೊಂದು ಗುರುತೂ ಇತ್ತು, ಅದು ಪೆನ್ಸಿಲಿನ ಸಣ್ಣ ಚುಕ್ಕಿ. ಅಕ್ಷರದ ತಲೆಯ ಮೇಲೆ, ಸಾಸಿವೆಗಿಂತ ಚಿಕ್ಕದು. ಪ್ರತಿ ಮೂಲದಂತೆಯೇ ಇದೆ, ಆದರೆ ಮೂಲದಲ್ಲೇ ಏನೋ ಅನುಮಾನ ಇದೆ ಎಂದಾಗ ಇಡುವುದು.

"ಚುಕ್ಕಿ ಅಂದ್ರೇನ್ರಿ ಮಾವಶಿ?"

"ಚುಕ್ಕಿ ಅಂದ್ರ ಕೇಳು."

"ಯಾರನ್ನ ಕೇಳ್ಬೇಕ್ರಿ?"

"ಬರದವರನ್ನ. ತಿದ್ದೂದು ನಮ್ಮ ಕೆಲಸ ಅಲ್ಲ. ಆದ್ರ ಕೇಳಲಾರದ ಬಿಟ್ರ ಅದೂ ತಪ್ಪ."

ವಕೀಲರು ಬಂದಾಗ ಚುಕ್ಕಿ ಇದ್ದಲ್ಲಿ ಬೆರಳಿಟ್ಟು ಕೇಳುತ್ತಿದ್ದರು. ಉತ್ತರ ಬಂದ ಮೇಲೆ ರಬ್ಬರಿನಿಂದ ಅಳಿಸುತ್ತಿದ್ದರು. ಚುಕ್ಕಿ ಇದ್ದ ಕಾಗದ ಒಂದೂ ಅವರ ಅಂಗಡಿಯಿಂದ ಹೊರಗೆ ಹೋದದ್ದನ್ನು ನಾನು ಕಂಡಿಲ್ಲ... ಕಂಡಿಲ್ಲ ಎಂದೇ ತಿಳಿದಿದ್ದೆ.

ಅರ್ಜಿಯ ಒಂದು ಪ್ರಶ್ನೆ ನನ್ನನ್ನು ಬಹಳ ಕಾಡಿತ್ತು. ವ್ಯಾಪಾರ ವ್ಯವಹಾರದ ಯಾವ ವಿಷಯ ನಿಮ್ಮ ಆಸಕ್ತಿ ಕೆರಳಿಸಿದೆ, ಏಕೆ ಎಂದು. ನಾನು ಪತ್ರಿಕೆ ನೋಡಿ ಎರಡು ದೊಡ್ಡ ಕಂಪನಿಗಳು ಒಂದಾದ ಸುದ್ದಿಯನ್ನು ಬರೆದಿದ್ದೆ. ಮಾವಶಿ ಕಿಂಡಿಯಲ್ಲಿ ಅದನ್ನು ನೋಡಿ, ಇದು ನಿನಗೆ ತಿಳಿದಿದೆಯೇ ಎಂದರು. ಅಷ್ಟಾಗಿ ಇಲ್ಲ ಎಂದೆ. ಹಾಗಾದರೆ ನಿಮ್ಮಪ್ಪ ಏನು ಕೆಲಸ ಮಾಡುತ್ತಾರೆ ಎಂದರು. ಮಾಲು ಕಳಿಸುವ ವಿಭಾಗ ಎಂದೆ. ಅಲ್ಲಿ ಏನು ಮಾಡುತ್ತಾರೆ ಎಂದರು. ನನಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಅವರ ಮನೆಯಲ್ಲಿದ್ದು ನನಗೆ ಗೊತ್ತಿರಲಿಲ್ಲ.

"ಹೋಗಿ ಕೇಳು. ಮನ್ಯಾಗ ವ್ಯಾಪಾರ ಇಟ್ಗೊಂಡು ಪೇಪರಿನಾಗ ಹುಡುಕಾಕತ್ತಾಳ."

ಆ ರಾತ್ರಿ ಊಟದ ಹೊತ್ತಿಗೆ ಕೇಳಿದೆ. ಅಪ್ಪ ಮೊದಲು ಊಟ ಮುಂದುವರಿಸಿದರು, ನಾನು ಚೇಷ್ಟೆ ಮಾಡುತ್ತಿದ್ದೇನೆಂದು ತಿಳಿದಿದ್ದರೇನೋ. ಆಮೇಲೆ ಸ್ಟೀಲಿನ ಲೋಟಗಳನ್ನು ಹತ್ತಿರ ಎಳೆದುಕೊಂಡು ಅವನ್ನು ಟ್ರಕ್ಕು ಮಾಡಿಕೊಂಡರು. ಕಾರು ಕಾರ್ಖಾನೆ ಬಿಡಿಭಾಗಗಳನ್ನು ಗೋದಾಮಿನಲ್ಲಿ ತುಂಬಿಟ್ಟುಕೊಳ್ಳುವುದಿಲ್ಲ, ಬೇಕಾದ ಹೊತ್ತಿಗೇ ಮುಟ್ಟಬೇಕು. ಗೇಟಿನ ಬಳಿ ಒಂದು ಟ್ರಕ್ಕು ತಿರುಗಿ ಹೊಳ್ಳಲು ಜಾಗವಿಲ್ಲದೆ ನಿಂತರೆ ಹಿಂದಿನ ಐದು ನಿಲ್ಲುತ್ತವೆ, ಅತ್ತ ಕಾರು ಜೋಡಿಸುವ ಇಡೀ ಸಾಲಿನ ಕೆಲಸ ನಿಲ್ಲುತ್ತದೆ. ಸಾರು ತಣ್ಣಗಾಗುವವರೆಗೆ ಹೇಳಿದರು. ಅಪ್ಪ ಅಷ್ಟು ಹೊತ್ತು ತಮ್ಮ ಬಗ್ಗೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಈ ಮಾತು ನೆನಪಿರಲಿ. ಮುಂದಿನದು ಇದರ ಮೇಲೆ ನಿಂತಿದೆ.

ಅದಾಗಿ ಕೆಲವು ದಿನಕ್ಕೆ, ಪಕ್ಕದ ಓಣಿಯ ಒಬ್ಬ ವಕೀಲರು ಒಂದು ಗುತ್ತಿಗೆ ಪತ್ರ ತಂದುಕೊಟ್ಟರು. ಚಾಕಣದ ಹತ್ತಿರ ಒಂದು ದೊಡ್ಡ ಶೆಡ್ಡನ್ನು ಕಂಪನಿಯೊಂದು ಹಲವು ವರ್ಷಕ್ಕೆ ಬಾಡಿಗೆಗೆ ಹಿಡಿಯುತ್ತಿತ್ತು. ಇಪ್ಪತ್ತಕ್ಕೂ ಹೆಚ್ಚು ಪುಟ. ನಾನು ಓದುತ್ತಿದ್ದೆ. ಮೂಲದ ಪುಟಗಳನ್ನು ಆಗಲೇ ಒಂದು ಸಲ ನೋಡಿಯಾಗಿತ್ತು, ಆದ್ದರಿಂದ ಮಾವಶಿ ಕಣ್ಣು ಮುಚ್ಚಿ ಬರೀ ಕೇಳುತ್ತಿದ್ದರು. ಕೊನೆಯ ಪುಟದಲ್ಲಿ ಜಾಗದ ನಾಲ್ಕು ದಿಕ್ಕಿನ ಎಲ್ಲೆಗಳಿರುತ್ತವೆ, ನಮ್ಮ ಕಡೆ ಚಕ್ಕುಬಂದಿ ಎನ್ನುತ್ತೇವಲ್ಲ, ಅದು. ನನ್ನ ಗಂಟಲು ಒಣಗಿತ್ತು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಹಳ್ಳ ಎಂದು ಓದಿದೆ. ಅವರ ಅಂಗೈ ಮೇಲೆದ್ದಿತು. ಅಂದರೆ ನಿಲ್ಲು.

"ಮತ್ತೊಮ್ಮೆ."

ಮತ್ತೊಮ್ಮೆ ಓದಿದೆ.

"ಮೂರನೇ ಹಾಳ್ಯಾಗ ದಕ್ಷಿಣದ ಗೇಟಿನಾಗಿಂದ ಟ್ರಕ್ ಒಳಗ ಬಂತು. ಈಗ ನೋಡಿದ್ರ ರಸ್ತೆ ಪೂರ್ವಕ್ಕದ. ಟ್ರಕ್ ಹಾರಿ ಬಂತೇನು?"

ನಾನು ಮೂರನೆಯ ಪುಟಕ್ಕೆ ಹೋದೆ. ದಕ್ಷಿಣದ ಗೇಟು ಎಂದೇ ಇತ್ತು. ಅರ್ಧ ಗಂಟೆಯ ಹಿಂದೆ ನನ್ನದೇ ಬಾಯಿಂದ ಓದಿದ್ದೆ. ನೆನಪಿರಲಿಲ್ಲ. ಕೊನೆಗೆ ಹಚ್ಚಿದ್ದ ನಕ್ಷೆಯನ್ನು ಅವರೇ ತೆಗೆಸಿದರು. ಅದರಲ್ಲಿ ಉತ್ತರ ತೋರಿಸುವ ಬಾಣ ಎಲ್ಲಿದೆ ನೋಡು ಎಂದರು. ಬಾಣ ಹಾಳೆಯ ಎಡಕ್ಕೆ ಮುಖ ಮಾಡಿತ್ತು. ಹಾಳೆಯಲ್ಲಿ ಹಿಡಿಸಲೆಂದು ನಕ್ಷೆಯನ್ನು ಅಡ್ಡ ಬರೆದಿದ್ದರು. ಎಲ್ಲೆ ಬರೆದವರು ಬಾಣ ನೋಡದೆ, ಮೇಲಿನದೇ ಉತ್ತರ ಎಂದುಕೊಂಡು ಬಲಗಡೆಯ ರಸ್ತೆಯನ್ನು ಪೂರ್ವ ಎಂದು ಬರೆದುಬಿಟ್ಟಿದ್ದರು. ನಿಜದಲ್ಲಿ ರಸ್ತೆ ಇದ್ದದ್ದು ದಕ್ಷಿಣಕ್ಕೆ. ಆ ಪತ್ರ ಹಾಗೆಯೇ ನೋಂದಣಿಯಾಗಿದ್ದರೆ, ಕಾಗದದ ಪ್ರಕಾರ ಆ ಗೇಟಿನ ಮುಂದೆ ರಸ್ತೆಯೇ ಇರುತ್ತಿರಲಿಲ್ಲ. ಮುಂದೆ ಜಗಳ ಬಂದಿದ್ದರೆ ಆ ಕಂಪನಿಯ ಟ್ರಕ್ಕುಗಳು... ನನಗೆ ಅಪ್ಪನ ಲೋಟಗಳು ನೆನಪಾದವು.

ಮಾವಶಿ ಕರಡಿನ 'ಪೂರ್ವ'ದ ಮೇಲೆ ಚುಕ್ಕಿಯಿಟ್ಟರು. ಮರುದಿನ ವಕೀಲರು ಬಂದು ನೋಡಿ, ಹಣೆಗೆ ಕೈ ಹಚ್ಚಿಕೊಂಡು, "ಮಾವಶೀ, ವಾಚವಲಂತ!" ಎಂದರು, ಉಳಿಸಿದಿರಿ ಎಂದು. ಮಾವಶಿ ರಬ್ಬರು ಹುಡುಕುತ್ತಿದ್ದರು.

ಅರ್ಜಿಯ ಆ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿತ್ತು. ಚಾಕಣದ ಶೆಡ್ಡು, ಹೊಳ್ಳುವ ಟ್ರಕ್ಕು, ಒಂದು ತಪ್ಪು ದಿಕ್ಕು. ಮನೆಗೆ ಹೋಗಿ ಒಂದೇ ಉಸಿರಿಗೆ ಬರೆದೆ. ಒಂದು ಗುತ್ತಿಗೆ ಪತ್ರವನ್ನು ತಾಳೆ ನೋಡುವಾಗ ಈ ದೋಷವನ್ನು ನಾವು ಪತ್ತೆಹಚ್ಚಿದೆವು ಎಂದು ಬರೆದೆ. ಮಾವಶಿ ಓದಿದರು. 'ವಿ' ಮೇಲೆ ಸುತ್ತು ಬಂತು.

"ಈ ನಾವು ಯಾರು?"

"ನಾವ್ರಿ ಮಾವಶಿ. ನೀವು, ನಾನು."

"ನನ್ನ ತಗೊಂಡು ಅವರೇನ ಮಾಡ್ತಾರ? ಕೆಲಸಕ್ಕ ಹೊಂಟಾಕಿ ನೀ. ನೀ ಏನ ಮಾಡೀದಿ, ಅಷ್ಟ ಬರಿ."

ಈ ನಾಲ್ಕು ಮಾತನ್ನು ನಾನು ಹದಿಮೂರು ವರ್ಷ ತಿರುತಿರುಗಿ ನೋಡಿದ್ದೇನೆ. ಮೊದಲ ಭಾಗವನ್ನು ಹಿಡಿದರೆ ಅದು ಅಪ್ಪಣೆ. ಕೊನೆಯ ಭಾಗವನ್ನು ಹಿಡಿದರೆ ಅದು ಎಚ್ಚರಿಕೆ. ನಾನು ಅವತ್ತು ಮೊದಲ ಭಾಗವನ್ನು ಹಿಡಿದೆ. ಮನೆಗೆ ಹೋಗಿ ಬರೆದೆ: ಈ ದೋಷವನ್ನು ನಾನು ಪತ್ತೆಹಚ್ಚಿದೆ.

ನಾನು ಓದಿದ್ದೆ. ಪತ್ತೆಹಚ್ಚಿರಲಿಲ್ಲ. ಆ ವ್ಯತ್ಯಾಸ ನನಗೆ ಆಗಲೂ ಸ್ಪಷ್ಟವಾಗಿತ್ತು.

ಕೊನೆಯ ದಿನಕ್ಕೆ ಎರಡು ದಿನ ಮೊದಲು ಅವರು ಅದನ್ನು ಟೈಪ್ ಮಾಡಿದರು. ಅಚ್ಚಾದ ಪ್ರತಿಯನ್ನು ನನ್ನ ಕೈಬರಹದ ಜೊತೆ ತಾಳೆ ನೋಡಿದರು, ಎಂದಿನಂತೆ ಕೆಳಗಿನಿಂದ ಮೇಲಕ್ಕೆ. ಎರಡನೆಯ ಹಾಳೆಯ ನಡುವೆ ಕಾರ್ಡು ನಿಂತಿತು. ಮೇಲೆ ಯಾರೋ ಮೆಟ್ಟಿಲು ಇಳಿಯುತ್ತಿದ್ದರು. ಅವರು ಪೂರ್ತಿ ಇಳಿದು ಬಾಗಿಲು ದಾಟುವವರೆಗೂ ಕಾರ್ಡು ಅಲ್ಲಿಯೇ ಇತ್ತು. ನಾನು ಸೀರೆ ಹೊದಿಸಿದ ಟೈಪ್‌ರೈಟರನ್ನು ನೋಡುತ್ತಿದ್ದೆ. ಆಮೇಲೆ ಕಾರ್ಡು ಒಂದು ಸಾಲು ಮೇಲಕ್ಕೆ ಸರಿಯಿತು. ಅವರು ಸುತ್ತು ಹಾಕಲಿಲ್ಲ, ಏನೂ ಕೇಳಲಿಲ್ಲ. ಸಹಿ ಹಾಕಿಸಿಕೊಂಡರು, ಹಾಳೆಗಳನ್ನು ತಮ್ಮ ಕಡೆ ಎಳೆದುಕೊಂಡು ಕುಟ್ಟಿ ಸರಿಮಾಡಿದರು, ಸೂಜಿ ಚುಚ್ಚಿದರು, ಲಕೋಟೆಗೆ ಹಾಕಿ ಅಂಟಿಸಿ ಕೊಟ್ಟರು.

ಎಂಟು ದಿನಕ್ಕೆ ಸಂದರ್ಶನದ ಕರೆ ಬಂತು.

ಕೋಣೆಯಲ್ಲಿ ಇಬ್ಬರು ಇದ್ದರು. ಹೆಚ್ಚು ಕೇಳಿದವರು ಫರ್ಮ್‌ನ ಹಿರಿಯ ವಕೀಲರು, ಬಿಳಿ ಮೀಸೆಯವರು. ಅವರ ಕೈಯಲ್ಲಿ ನನ್ನ ಅರ್ಜಿ ಇತ್ತು. ಎರಡನೆಯ ಹಾಳೆಗೆ ಬಂದಾಗ ಒಂದು ಕಡೆ ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದರು, ಕಾಗದದ ಮೇಲಿನ ಧೂಳನ್ನು ತೆಗೆಯುವಂತೆ. ಆಗ ಅದಕ್ಕೆ ನಾನು ಅರ್ಥ ಕೊಡಲಿಲ್ಲ. ಆಮೇಲೆ ಕನ್ನಡಕದ ಮೇಲಿನಿಂದ ನೋಡಿ ಇಂಗ್ಲಿಷಿನಲ್ಲಿ ಕೇಳಿದರು: ಈ ಪತ್ರ ಓದುವಾಗ ನೀವು ಒಬ್ಬರೇ ಇದ್ದಿರೇ?

ಇಲ್ಲ ಎಂದೆ. ನಾನು ಗಟ್ಟಿಯಾಗಿ ಓದುತ್ತಿದ್ದೆ, ಟೈಪ್ ಮಾಡುವವರೊಬ್ಬರು ಎದುರಿಗೆ ಕೂತಿದ್ದರು ಎಂದೆ. ಅಷ್ಟರ ಮಟ್ಟಿಗೆ ನಿಜ.

ತಪ್ಪು ಹೊಳೆದದ್ದು ಯಾರಿಗೆ?

ಕಿಟಕಿಯ ಹೊರಗೆ ಒಂದು ರಿಕ್ಷಾ ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು. ಅದು ಮೂರು ಸಲ ಕೆಮ್ಮಿತು. ನಾನು ಎಣಿಸಿದ್ದೆ.

ನನಗೆ ಎಂದೆ.

ಅವರು ತಲೆಯಾಡಿಸಿದರು. ನಕ್ಷೆ, ಬಾಣ, ಟ್ರಕ್ಕುಗಳ ಬಗ್ಗೆ ಬಹಳ ಹೊತ್ತು ಕೇಳಿದರು. ನಾನು ಅಪ್ಪನ ಲೋಟಗಳಂತೆ ಅವರ ಮೇಜಿನ ಮೇಲಿನ ಪೆನ್ನುಗಳನ್ನು ಸರಿಸಿ ತೋರಿಸಿದೆ. ಜಾಗ ಸಿಕ್ಕಿತು. ಸೇರಿದ ಮೊದಲ ವಾರದಿಂದಲೇ ನಾನು ಕಚೇರಿಯಲ್ಲಿ 'ಚಕ್ಕುಬಂದಿ ಓದುವ ಹುಡುಗಿ' ಎಂದಾದೆ. ಆ ಹೆಸರನ್ನು ಉಳಿಸಿಕೊಳ್ಳಲು ಪ್ರತಿ ಪತ್ರದ ಕೊನೆಯ ಪುಟವನ್ನು ಮೂರು ಸಲ ಓದಿದೆ, ಈಗಲೂ ಓದುತ್ತೇನೆ. ಸುಳ್ಳು ಹೇಳಿ ಪಡೆದ ಗುಣವನ್ನು ಆಮೇಲೆ ನಿಜವಾಗಿಯೇ ಬೆಳೆಸಿಕೊಂಡರೆ ಅದನ್ನು ಏನೆನ್ನಬೇಕೋ, ನನಗೆ ತಿಳಿದಿಲ್ಲ.

ಸುದ್ದಿ ತಿಳಿದ ದಿನ ಪೇಢೆ ತೆಗೆದುಕೊಂಡು ಮಾವಶಿಯ ಬಳಿ ಹೋದೆ. ಅರ್ಧ ಪೇಢೆ ಬಾಯಿಗೆ ಹಾಕಿಕೊಂಡು, ಉಳಿದರ್ಧ ನನಗೆ ಕೊಟ್ಟರು.

"ಎಲ್ಲಾ ಓದಿದ್ರೇನ ಅವರು? ಎರಡೂ ಹಾಳಿ?"

"ಓದಿದ್ರು ಮಾವಶಿ."

"ಕೇಳಿದ್ರೇನ?"

ನಾನು ಹೇಳಿದ್ದನ್ನು ಅವರು ಗಮನವಿಟ್ಟು ಕೇಳಿಸಿಕೊಂಡರೇ ಎಂದು ಮಾವಶಿ ಕೇಳುತ್ತಿದ್ದಾರೆ ಅಂದುಕೊಂಡೆ.

"ಹೌದ್ರಿ, ಛಂದಂಗ ಕೇಳಿದ್ರು."

ಮಾವಶಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಹಂಗಾರ ಆತು ಬಿಡು" ಎಂದು ಪ್ರಿಂಟರಿಗೆ ಕಾಗದ ತುಂಬಿದರು.

ಮೊದಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಆಮೇಲೆ ಹಬ್ಬಕ್ಕೊಮ್ಮೆ. ಆಮೇಲೆ... ನಮ್ಮ ಕಚೇರಿ ಇದ್ದದ್ದು ರಿಕ್ಷಾದಲ್ಲಿ ಇಪ್ಪತ್ತು ನಿಮಿಷದ ದೂರದಲ್ಲಿ, ಆದ್ದರಿಂದ ದೂರವನ್ನು ಕಾರಣವಾಗಿ ಹೇಳಲಾರೆ. ಅವರ ಎದುರು ಕೂತಾಗ ಯಾವಾಗಲೂ ಆ ಸ್ಟೂಲು ಸ್ವಲ್ಪ ಗಿಡ್ಡವಾದಂತೆ ಅನಿಸುತ್ತಿತ್ತು. ಕೊನೆಯ ಸಲ ಹೋಗಿ ಎಂಟು ವರ್ಷವಾಗಿರಬೇಕು. ಈ ನಡುವೆ ನಾನೇ ಫರ್ಮ್‌ನಲ್ಲಿ ಹೊಸ ಟ್ರೇನಿಗಳ ಅರ್ಜಿ ನೋಡುವವಳಾದೆ. ವರ್ಷಕ್ಕೊಮ್ಮೆ ಕಾಲೇಜಿಗೆ ಹೋಗಿ, ಅರ್ಜಿ ಹೇಗೆ ಬರೆಯಬೇಕೆಂದು ಹೇಳುವುದೂ ನನ್ನ ಕೆಲಸವಾಯಿತು. ನಾವು ಎಂದು ಬರೆಯಬೇಡಿ, ನೀವು ಮಾಡಿದ್ದನ್ನಷ್ಟೇ ಬರೆಯಿರಿ. ಕೆಳಗಿನ ಸಾಲಿನಿಂದ ಮೇಲಕ್ಕೆ ಓದಿ. ಪತ್ರಿಕೆಯ ದೊಡ್ಡ ಸುದ್ದಿಗಿಂತ ಮನೆಯವರ ಕೆಲಸವನ್ನು ಕೇಳಿ ತಿಳಿದುಕೊಳ್ಳಿ. ಎಲ್ಲವೂ ಅವರ ಮಾತುಗಳೇ. ಅವರ ಹೆಸರನ್ನು ನಾನು ಎಂದೂ ಎತ್ತಿರಲಿಲ್ಲ.

ಫೈಲು ಸಿಕ್ಕ ಮರುದಿನ ಸದಾಶಿವ ಪೇಠಕ್ಕೆ ಹೋದೆ. ವಾಡೆ ಇತ್ತು. ಮೆಟ್ಟಿಲ ಕೆಳಗೆ ಈಗ ಒಂದು ಕೋಚಿಂಗ್ ಕ್ಲಾಸಿನವರು ಸ್ಕೂಟರ್ ನಿಲ್ಲಿಸಿದ್ದರು. ಎದುರಿನ ಸ್ಟೇಶನರಿ ಅಂಗಡಿಯವರನ್ನು ಕೇಳಿದೆ. ಅವರು ಝೆರಾಕ್ಸ್ ತೆಗೆಯುತ್ತಿದ್ದರು.

"ಮಾವಶೀ? ಸಾಸವಡಲಾ ಹೋತ್ಯಾ, ಲೇಕೀಕಡೇ. ತಿಥಂಚ ಗೇಲ್ಯಾ."

ಸಾಸವಡದಲ್ಲಿ ಮಗಳ ಬಳಿ ಇದ್ದರು, ಅಲ್ಲಿಯೇ ಹೋದರು. ನನಗೆ ಮರಾಠಿ ಬರುತ್ತದೆ, ಹುಟ್ಟಿದ್ದೇ ಇಲ್ಲಿ. ಆದರೂ ನಾನು, ಅಲ್ಲಿಂದ ಎಲ್ಲಿಗೆ ಎಂದು ಕೇಳಿದೆ. ಅವರು ಮೆಶಿನ್ ನಿಲ್ಲಿಸಿ ನನ್ನ ಮುಖ ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು. ಎರಡು ವರ್ಷವಾಯಿತಂತೆ.

ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಫೈಲು ಇಟ್ಟುಕೊಂಡೆ. ಸೂಜಿ ತುಕ್ಕಿನಿಂದ ಕಾಗದಕ್ಕೆ ಅಂಟಿತ್ತು. ಮೆಲ್ಲಗೆ ತಿರುಗಿಸಿ ತೆಗೆದೆ. ಎರಡನೆಯ ಹಾಳೆ ತಿರುವಿದೆ. ಸಾಲು ಅಲ್ಲಿಯೇ ಇತ್ತು. ಈ ದೋಷವನ್ನು ನಾನು ಪತ್ತೆಹಚ್ಚಿದೆ. ಇಂಗ್ಲಿಷಿನಲ್ಲಿ 'ನಾನು' ಒಂದೇ ಅಕ್ಷರ, ನೆಟ್ಟಗೆ ನಿಂತ ಗೆರೆ. ಆ ಗೆರೆಯ ತಲೆಯ ಮೇಲೆ ಸಾಸಿವೆಗಿಂತ ಚಿಕ್ಕದೊಂದು ಚುಕ್ಕಿ ಇತ್ತು. ಒಂದು ಬದಿಗೆ ಸ್ವಲ್ಪ ಮಸುಕಾಗಿತ್ತು, ಯಾರೋ ಹೆಬ್ಬೆರಳಿನಿಂದ ಉಜ್ಜಿದಂತೆ.

ಹಾಳೆಯನ್ನು ದೀಪದ ಹತ್ತಿರ ಹಿಡಿದು ನೋಡಿದೆ. ಆದರೆ ಕಂಡದ್ದಕ್ಕಿಂತ ಹೆಚ್ಚು ಹೇಳಬಾರದು. ಅಳಿಸಲು ಮರೆತಿದ್ದರೇ? ಅವರು ಮರೆತದ್ದನ್ನು ನಾನು ಕಂಡಿಲ್ಲ. ಬೇಕೆಂದೇ ಬಿಟ್ಟರೇ? ಹಾಗಿದ್ದರೆ ಯಾರಿಗಾಗಿ, ನನಗಾಗಿಯೋ, ಅದನ್ನು ಓದಲಿರುವವರಿಗಾಗಿಯೋ? ಆ ಹಿರಿಯ ವಕೀಲರು ನಿವೃತ್ತರಾಗಿ ಇದೇ ಊರಿನಲ್ಲಿದ್ದಾರೆ. ಫೋನ್ ಮಾಡಿ ಕೇಳಿದೆ. ಅವರು ನಕ್ಕರು. ಚುಕ್ಕಿಯೇ? ಯಾವ ಚುಕ್ಕಿ? ಜೊತೆಗೆ ಯಾರಿದ್ದರು ಎಂದು ತಾವು ಎಲ್ಲರನ್ನೂ ಕೇಳುತ್ತಿದ್ದುದೇ ಎಂದರು. ಹಾಗಾಗಿ ಅದೂ ಖಚಿತವಿಲ್ಲ. ಅದು ಪ್ರಿಂಟರಿನ ಶಾಯಿಯ ಕಣವೂ ಇರಬಹುದು. ಪೆನ್ಸಿಲಿನದೇ ಎಂದು ತಿಳಿಯಲು ರಬ್ಬರು ಹಚ್ಚಿ ನೋಡಬೇಕು. ಹಚ್ಚಿಲ್ಲ.

ಬರುವ ಶನಿವಾರ ಕಾಲೇಜಿನಲ್ಲಿ ಈ ವರ್ಷದ ವಿದ್ಯಾರ್ಥಿಗಳಿಗೆ ಮಾತಾಡಬೇಕು. ಹಳೆಯ ಟಿಪ್ಪಣಿಯ ಮೊದಲ ಸಾಲು ಹೊಡೆದುಹಾಕಿ ಬೇರೆ ಬರೆದಿದ್ದೇನೆ: ಚಾಕಣದ ಆ ಪತ್ರವನ್ನು ನಾನು ಓದಿದೆ, ಸದಾಶಿವ ಪೇಠದ ಒಬ್ಬ ಟೈಪಿಸ್ಟ್ ಕೇಳಿದರು, ತಪ್ಪನ್ನು ಹಿಡಿದವರು ಅವರು, ನಾನು ಹಿಡಿದೆ ಎಂದು ಬರೆದು ಈ ಕೆಲಸ ಪಡೆದೆ.

ಬರೆದು ಮುಗಿಸಿ, ಒಂದು ರಟ್ಟಿಗೆ ಕಿಂಡಿ ಕೊರೆದುಕೊಂಡು, ಕೊನೆಯ ಸಾಲಿನಿಂದ ಮೇಲಕ್ಕೆ ಗಟ್ಟಿಯಾಗಿ ಓದಿದೆ, ವಿರಾಮಚಿಹ್ನೆಗಳ ಸಮೇತ. ಮೊದಲ ಸಾಲಿಗೆ ಬಂದು ನಿಂತೆ. ಎದುರಿನ ಕುರ್ಚಿಯಲ್ಲಿ ಕೇಳುವವರು ಯಾರೂ ಇರಲಿಲ್ಲ.